ಬೀಗ ಹಾಕಿದ ಗಿಡ

ನನ್ನ ನಡುವಿನ ತಂಗಿಯ ಗಂಡ ಯಾರನ್ನೂ ನಂಬುವ ಮನುಷ್ಯನಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಆ ಮಾತಿಗೆ ಉದಾಹರಣೆ ಬೇಕಾದವರು ಅವನನ್ನು ನೋಡಿದರೆ ಸಾಕು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನಾದ್ದರಿಂದ ಏಕವಚನದಲ್ಲಿ ಬರೆಯುತ್ತೇನೆ. ಎದುರಿಗೂ ಹಾಗೇ ಮಾತನಾಡಿಸುವುದು.

ಅವನ ಕಸುಬು ಬೀಗ ರಿಪೇರಿ. ಪೇಟೆಬೀದಿಯ ಒಂದು ಕಟ್ಟಡದಲ್ಲಿ ಮಹಡಿಮೆಟ್ಟಿಲಿನ ಕೆಳಗೆ, ಬೆನ್ನು ನೆಟ್ಟಗೆ ಮಾಡಲಾಗದಷ್ಟು ತಗ್ಗಾದ ಜಾಗದಲ್ಲಿ ಅವನ ಅಂಗಡಿ. ಗೋಡೆಯ ತುಂಬ ಹಲ್ಲು ಕೊರೆಯದ ಕೀಲಿಗಳು ಮೊಳೆಗಳಿಗೆ ನೇತುಬಿದ್ದಿರುತ್ತವೆ. ಬಾಗಿಲಲ್ಲಿ ಮರದ ದಿಮ್ಮಿ, ದಿಮ್ಮಿಗೆ ಬಿಗಿದ ಇಕ್ಕಳ, ಪಕ್ಕದಲ್ಲಿ ಅರಗಳ ಡಬ್ಬಿ. ಯಾರಾದರೂ ಕೀಲಿ ಕಳೆದುಕೊಂಡು ಬಂದರೆ ಅವನ ಮೊದಲ ಪ್ರಶ್ನೆ, "ಮನೆ ನಿಮ್ಮದೇನಾ?" ಎರಡನೆಯದು, "ಪಕ್ಕದ ಮನೆಯವರು ಹೌದು ಅಂತಾರಾ?" ಅಳುತ್ತ ಬಂದ ಹೆಂಗಸೊಬ್ಬಳನ್ನೂ ಹೀಗೇ ಕೇಳಿದ್ದನ್ನು ನಾನೇ ಕಂಡಿದ್ದೇನೆ. ತಪ್ಪೆನ್ನಲಾರೆ. ಆದರೆ ಅಂಗಡಿಯ ಎಚ್ಚರವನ್ನು ಅಂಗಡಿಯಲ್ಲೇ ಬಿಟ್ಟು ಬರುವವರಿದ್ದಾರೆ. ಅವನು ಅದನ್ನೂ ಸಂಜೆ ಅರದ ಡಬ್ಬಿಯ ಜೊತೆ ಮನೆಗೆ ತರುತ್ತಿದ್ದ.

ಮನೆಯಲ್ಲಿ ಸಕ್ಕರೆ ಡಬ್ಬಿಗೆ ಬೀಗ. ಹಿತ್ತಲಿನ ನಲ್ಲಿಗೆ ಬೀಗ. ಸೈಕಲ್ಲಿನ ಎರಡು ಚಕ್ರಗಳಿಗೂ ಬೇರೆಬೇರೆ ಬೀಗ; ಒಂದನ್ನು ಒಡೆಯುವಷ್ಟರಲ್ಲಿ ಕಳ್ಳನಿಗೆ ಬೇಸರ ಬರಲಿ ಎಂದು. ಯಾವ ಬೀಗ ಹಾಕಿದರೂ ಎರಡು ಸಲ ಎಳೆದು ನೋಡಿಯೇ ಅವನು ಹೆಜ್ಜೆ ಕೀಳುವುದು. "ನನ್ನ ಬಾಯಿಗೆ ಸರಿಹೊಂದೋ ಬೀಗ ಮಾತ್ರ ಇವ್ರಿಗೆ ಇನ್ನೂ ಸಿಕ್ಕಿಲ್ಲ ಅಕ್ಕ, ಹುಡುಕ್ತಾನೇ ಇದ್ದಾರೆ" ಎನ್ನುತ್ತಿದ್ದಳು ನನ್ನ ತಂಗಿ. ಅವನು ನಗುತ್ತಿರಲಿಲ್ಲ. ನಿಜವಾಗಿಯೂ ಹುಡುಕುತ್ತಿದ್ದನೋ ಏನೋ.

ಇವುಗಳಿಗೆಲ್ಲ ಮೇಲಾದ ಒಂದು ಕಟ್ಟಳೆ ಅವನದಿತ್ತು. ಹೊಸ ಬೀಗದ ಜೊತೆ ಎರಡು ಕೀಲಿ ಬರುವುದು ಲೋಕರೂಢಿ. ಅವನು ಎರಡನೆಯದನ್ನು ಇಕ್ಕಳಕ್ಕೆ ಸಿಕ್ಕಿಸಿ, ಹಲ್ಲುಗಳನ್ನೆಲ್ಲ ಅರದಿಂದ ಉಜ್ಜಿ ಬೋಳು ಮಾಡಿ ಎಸೆದುಬಿಡುತ್ತಿದ್ದ. ಊರವರಿಗೆ ಬೇಕಾದಷ್ಟು ನಕಲು ಕೊರೆದುಕೊಡುವ ಕೈ ಅದು; ತನ್ನ ಮನೆಗೆ ಮಾತ್ರ ಒಂದು ಬೀಗಕ್ಕೆ ಒಂದೇ ಕೀಲಿ. ನಾನು ನಿವೃತ್ತಳಾಗಿ ಅವರ ಮನೆಯ ಮಹಡಿಯ ಕೋಣೆಗೆ ಬಂದ ದಿನ ನನ್ನ ಕೈಗೂ ಒಂದೇ ಕೊಟ್ಟ.

"ಇನ್ನೊಂದೆಲ್ಲಪ್ಪ?"

"ಇಲ್ಲ ಅಕ್ಕ."

"ಇದು ಕಳೆದುಹೋದರೆ?"

"ಕಳೀಬೇಡಿ." ಸ್ವಲ್ಪ ತಡೆದು ಹೇಳಿದ: "ಒಂದು ಬೀಗಕ್ಕೆ ಎರಡು ಕೀ ಇದ್ರೆ ಅದು ಬೀಗ ಅಲ್ಲ ಅಕ್ಕ, ಒಪ್ಪಂದ."

ಬೀದಿಯಲ್ಲಿ ಅವನ ಅಡ್ಡಹೆಸರು "ಒಂದೇ ಕೀ". ಅದು ಅವನಿಗೂ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ನಮ್ಮ ಕಿರಿಯ ತಂಗಿಯ ಮನೆ ಈ ಮನೆಗೆ ಬೆನ್ನು ಕೊಟ್ಟು ನಿಂತದ್ದು. ಎರಡು ಮನೆಗಳ ಮುಂಬಾಗಿಲು ಬೇರೆಬೇರೆ ಬೀದಿಗೆ. ಹಿತ್ತಿಲುಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಆಳೆತ್ತರಕ್ಕಿಂತ ಮೇಲಾದ ಗೋಡೆ, ಗೋಡೆಯಲ್ಲೊಂದು ದಿಡ್ಡಿ ಬಾಗಿಲು. ಅದನ್ನು ಮುಚ್ಚಿದರೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಇಡೀ ಸಾಲುಮನೆಗಳನ್ನು ಬಳಸಿ, ಬಸ್ಸು ನಿಲ್ಲುವ ಮೂಲೆ ತಿರುಗಿ, ಅಷ್ಟೇ ದೂರ ಹಿಂದಕ್ಕೆ ಬರಬೇಕು. ಆ ಬಾಗಿಲಿಗೆ ಒಂದು ಚಿಲಕವಷ್ಟೇ ಇತ್ತು. ಬೀಗವಿಲ್ಲದ ಬಾಗಿಲು ಆ ಮನೆಯಲ್ಲಿ ಅದೊಂದೇ. ಅದೂ ಅವನ ಔದಾರ್ಯದಿಂದಲ್ಲ. ಕಿರಿಯವಳು ಆ ಮನೆಗೆ ಬಂದ ಹೊಸತರಲ್ಲೇ ನನ್ನ ನಡುವಿನ ತಂಗಿ, "ಅಲ್ಲಿ ಬೀಗ ಬಿದ್ದ ದಿನ ನಾನು ಆ ಕಡೆ ಇರ್ತೀನಿ, ನೀವು ಈ ಕಡೆ ಇರಿ" ಎಂದು ಹೇಳಿಟ್ಟಿದ್ದಳು.

ಕಿರಿಯವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. ಕೊರಳಲ್ಲಿ ಸದಾ ಅಳತೆಪಟ್ಟಿ, ಕಿವಿಯ ಮೇಲೆ ಸೀಮೆಸುಣ್ಣ. ಎಲ್ಲರನ್ನೂ ನಂಬುವವನು, ಎಲ್ಲರೊಡನೆ ಹರಟುವವನು, ತಮಾಷೆಯಿಲ್ಲದೆ ಗಂಟಲಿಂದ ಮಾತು ಹೊರಡದವನು. ಅಂಗಿಯ ಅಳತೆ ತೆಗೆಯುವಾಗ, "ಉಸಿರು ಬಿಡಿ ಸ್ವಾಮಿ, ಹೊಟ್ಟೆಗೂ ನ್ಯಾಯ ಸಿಗಬೇಕು" ಎನ್ನುವಂಥವನು. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಇಷ್ಟು ಬೇರೆಯಾಗಿರುವುದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ.

ಇನ್ನು ಹೂವಿನ ವಿಷಯ.

ಊರಾಚೆಯ ಕಲ್ಲುಗುಡ್ಡದ ಮೇಲೆ ನೀರೆತ್ತುವ ಪಂಪಿನ ಮನೆಯಿದೆ. ಒಂದು ಬಿರುಬೇಸಿಗೆಯಲ್ಲಿ ಅದರ ಬೀಗ ತುಕ್ಕು ಹಿಡಿದು ಕಚ್ಚಿಕೊಂಡಿತೆಂದು ಅವನನ್ನು ಕರೆಸಿದ್ದರು. ಸಂಜೆ ಬಂದವನು ಊಟಕ್ಕೆ ಕೂತು ತಾನಾಗಿ ಮಾತು ತೆಗೆದ. ಅದೇ ಒಂದು ಆಶ್ಚರ್ಯ.

"ಬಂಡೆ ಸಂದೀಲಿ ಅಕ್ಕ, ಒಂದು ಗಿಡ. ಕಲ್ಲು ಮುಟ್ಟಿದ್ರೆ ಕೈ ಸುಡುತ್ತೆ. ಸುತ್ತ ಹುಲ್ಲು ಕೂಡ ಸತ್ತುಹೋಗಿದೆ. ಇದು ಮಾತ್ರ ಮೈತುಂಬ ನೀಲಿ ಹೂ ಬಿಟ್ಕೊಂಡು ನಿಂತಿದೆ. ಯಾರೂ ನೀರು ಹಾಕಲ್ಲ, ಯಾರ ಹಂಗೂ ಇಲ್ಲ."

ಅವನಿಗೆ ಹಿಡಿಸಿದ್ದು ಹೂವಿನ ಬಣ್ಣವಲ್ಲ, ಯಾರ ಹಂಗೂ ಇಲ್ಲದ್ದು. ಬಂಡೆಯ ಬುಡದಲ್ಲಿ ಬಿದ್ದಿದ್ದ ಹಿಂದಿನ ವರ್ಷದ ಒಣಕಾಯಿಗಳನ್ನು ಸ್ಕ್ರೂ ಹಾಕುವ ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದ. ಹೆಸರು ಪಂಪಿನವರಿಗೂ ಗೊತ್ತಿಲ್ಲ. ನಾವು ಗುಡ್ಡದ ನೀಲಿ ಎಂದು ಕರೆದೆವು.

ಹಿತ್ತಲಿನಲ್ಲಿ ಬಿತ್ತಿದ. ಏನೂ ಹುಟ್ಟಲಿಲ್ಲ. ಮತ್ತೆ ಬಿತ್ತಿದ. ಮತ್ತೆ ಏನೂ ಇಲ್ಲ. ಬೀಜ ಹಳತಾಗಿರಬೇಕು ಎಂದೆ. ಅವನು ಒಂದು ಬೀಜವನ್ನು ಮಣ್ಣಿನಿಂದ ಕೆದಕಿ ತೆಗೆದು ಬೆಳಕಿಗೆ ಹಿಡಿದ. ಬಿತ್ತಿದ ದಿನ ಹೇಗಿತ್ತೋ ಹಾಗೇ ಇತ್ತು. ಉಬ್ಬಿಲ್ಲ, ಕೊಳೆತಿಲ್ಲ, ಹೊಳಪೂ ಹೋಗಿಲ್ಲ.

"ಹಳತಲ್ಲ ಅಕ್ಕ, ಬೀಗ ಹಾಕ್ಕೊಂಡಿದೆ."

ಮರುದಿನ ಅಂಗಡಿಯ ದಿಮ್ಮಿಯ ಮುಂದೆ ಕೂತು, ಒಂದೊಂದೇ ಬೀಜವನ್ನು ಚಿಮಟದಲ್ಲಿ ಹಿಡಿದು, ಅತಿ ಸಣ್ಣ ಅರದಿಂದ ಒಂದು ಪಕ್ಕವನ್ನು ಉಜ್ಜಿದ. ಸಿಪ್ಪೆ ತೆಳುವಾಗಿ ಒಳಗಿನ ಬಿಳಿ ಇಣುಕುವಷ್ಟು ಮಾತ್ರ, ಅದಕ್ಕಿಂತ ಒಂದು ಎಳೆಯೂ ಹೆಚ್ಚಿಲ್ಲ. ನೀರಲ್ಲಿ ನೆನೆಸಿಟ್ಟ. ಬೆಳಗಾಗುವಷ್ಟರಲ್ಲಿ ಎಲ್ಲವೂ ಊದಿಕೊಂಡಿದ್ದವು, ವಾರದೊಳಗೆ ಮೊಳಕೆ. ಗಟ್ಟಿಸಿಪ್ಪೆಯ ಬೀಜಗಳಿಗೆ ಹೀಗೆ ಗಾಯ ಮಾಡುವುದು ತೋಟಗಾರಿಕೆಯಲ್ಲಿ ಇದ್ದದ್ದೇ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅವನು ಓದಿರಲಿಲ್ಲ. ಹಾಗೆಂದು ಅವನನ್ನು ಜ್ಞಾನಿಯೆಂದು ಹೊಗಳಬೇಕಾಗಿಲ್ಲ. ಕಂಡದ್ದನ್ನೆಲ್ಲ ಬೀಗವೆಂದು ತಿಳಿಯುವವನಿಗೆ ಒಂದು ಸಲ ನಿಜವಾಗಿ ಬೀಗವೇ ಎದುರಾಗಿತ್ತು, ಅಷ್ಟೆ.

ಮೊಳೆತವುಗಳಲ್ಲಿ ಬಹುಪಾಲನ್ನು ನನ್ನ ತಂಗಿ ಪ್ರೀತಿಯಿಂದ ಕೊಂದಳು. ಅವನು ಅಂಗಡಿಗೆ ಹೋದ ಮೇಲೆ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಯಾವುದು ಸಿಕ್ಕಿದರೆ ಅದನ್ನು ತಂದು ಸುರಿದಳು; ಸಸಿಗಳು ಬುಡದಲ್ಲಿ ಕೊಳೆತು ಒರಗಿದವು. ಬದುಕಿದ್ದು ಎರಡು. ಅವು ಗೋಡೆಯ ಪಕ್ಕದ ಜಲ್ಲಿಮಣ್ಣಿನಲ್ಲಿ, ದಿಡ್ಡಿ ಬಾಗಿಲಿನ ಹತ್ತಿರ ಇದ್ದವು. ಅಷ್ಟು ದೂರ ಬಕೆಟ್ಟು ಹೊರುವಷ್ಟು ಪ್ರೀತಿ ಅವಳಲ್ಲಿ ಇರಲಿಲ್ಲ.

ಮೊದಲ ವರ್ಷ ಅವು ಗೇಣುದ್ದ ಬೆಳೆದು ಸುಮ್ಮನಾದವು. ದರ್ಜಿ ದಿಡ್ಡಿ ಬಾಗಿಲಲ್ಲಿ ನಿಂತು ನೋಡಿ, "ಅಣ್ಣಾ, ಇದಕ್ಕೆ ಅಂಗಿ ಹೊಲಿಯೋದಾದ್ರೆ ಕರವಸ್ತ್ರದಲ್ಲಿ ಮುಗಿಯುತ್ತೆ" ಎಂದ. ಬೀಗದವನು ಕೊಳೆತು ಸತ್ತ ಒಂದು ಸಸಿಯ ಜಾಗವನ್ನು ಅಗೆದು ತೋರಿಸಿದ. ಮೇಲೆ ಗೇಣುದ್ದವೂ ಇಲ್ಲದಿದ್ದದ್ದಕ್ಕೆ ಕೆಳಗೆ ಮೊಳದುದ್ದದ ಬೇರು. ಮೇಲೆ ಕಾಣುವುದಕ್ಕೆ ಈ ಗಿಡಕ್ಕೆ ಅವಸರವಿಲ್ಲ ಎಂದು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಅದು ಮುಂದೆ ಯಾವುದಕ್ಕೆ ಉಪಯೋಗಕ್ಕೆ ಬರುತ್ತದೆಂದು ಆಗ ಯೋಚಿಸಲಿಲ್ಲ.

ಮೂರನೆಯ ವರ್ಷ ಅವು ಹೂಬಿಟ್ಟವು. ಬೂದಿ ಬೆರೆಸಿದ ಹಸಿರಿನ ಎಲೆ, ಅದರ ಮೇಲೆ ಅವರೆ ಹೂವಿನ ಆಕಾರದ ಕಡುನೀಲಿ ಗೊನೆಗಳು. ಆ ವರ್ಷ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಬೀದಿಯವರ ಕುಂಡಗಳೆಲ್ಲ ಒಣಗಿ ಕೂತಿದ್ದಾಗ ಒಂದೇ ಕೀಯ ಹಿತ್ತಲಿನಲ್ಲಿ ಮಾತ್ರ ದುಂಬಿಗಳ ಸಂತೆ. ನೋಡಲು ಜನ ಬಂದರು. ಜನ ಬಂದದ್ದೇ ತಡ, ಎರಡು ಗಿಡಕ್ಕೂ ಸೇರಿಸಿ ಮೊಣಕಾಲೆತ್ತರದ ತಂತಿಬೇಲಿ ಎದ್ದಿತು. ಬೇಲಿಗೆ ಒಂದು ಪುಟ್ಟ ಗೇಟು. ಗೇಟಿಗೆ ಬೀಗ.

"ಗಿಡ ಓಡಿಹೋಗುತ್ತೆ ಅಂತಾನಾ ಅಣ್ಣಾ?" ಎಂದ ದರ್ಜಿ.

"ಗಿಡ ಓಡಲ್ಲ. ಕೈಗಳು ಬರ್ತವೆ."

ಹೂ ಹೋಗಿ ಕಾಯಿ ಬಲಿತವು. ಮಳೆಯೆಲ್ಲ ಮುಗಿದು ಒಣಗಾಳಿ ಬೀಸತೊಡಗಿದಾಗ ಗಿಡಗಳು ಕಪ್ಪಾದವು. ಎಲೆ, ಕಾಂಡ, ಕಾಯಿ ಎಲ್ಲವೂ ಸುಟ್ಟ ಕಾಗದದ ಬಣ್ಣ. ಕಾಯಿಯೊಳಗೆ ಬೀಜ ಸಡಿಲಾಗಿ, ಗಾಳಿ ಬಂದಾಗಲೆಲ್ಲ ಗಿಲಿಗಿಲಿ ಸದ್ದು. ದರ್ಜಿಯ ಮಲಗುವ ಕೋಣೆಯ ಕಿಟಕಿ ಗೋಡೆಯಾಚೆಗೇ ಇತ್ತು.

"ಅಣ್ಣಾ, ನಿಮ್ಮ ಗಿಡಕ್ಕೆ ತೊಟ್ಟಿಲು ಕಟ್ಟಿ, ಇಲ್ಲ ಗಿಲಕಿ ಕಿತ್ಕೊಳ್ಳಿ. ಕಣ್ಣಿಗೆ ನಿದ್ದೆ ಇಲ್ಲ. ನೋಡ್ತಾ ಇರಿ, ಒಂದಿನ ನಾನೇ ಕತ್ತರಿ ತಂದು ಕಚಕ್ ಅನ್ನಿಸ್ತೀನಿ!"

ಎಲ್ಲರೂ ನಕ್ಕೆವು. ಒಬ್ಬ ನಗಲಿಲ್ಲ.

ಅದೇ ದಿನಗಳಲ್ಲಿ ಕಿರಿಯವಳು ಪರದೆ ಕಟ್ಟಲು ಸ್ಟೂಲು ಹತ್ತಿ, ಜಾರಿ, ಕಾಲು ಮುರಿದುಕೊಂಡಳು. ತೊಡೆಯವರೆಗೆ ಪ್ಲಾಸ್ಟರು. ಮಕ್ಕಳು ಊರಲ್ಲಿಲ್ಲ. ನಡುವಿನವಳು ದಿನಕ್ಕೆ ಎಷ್ಟು ಬಾರಿ ದಿಡ್ಡಿ ಬಾಗಿಲು ದಾಟುತ್ತಿದ್ದಳೋ ಲೆಕ್ಕವಿಲ್ಲ. ಊಟ, ಔಷಧಿ, ಬಚ್ಚಲು, ತಲೆ ಬಾಚುವುದು, ಬೇಸರ ಕಳೆಯುವುದು. ತೂಕದ ಆಳು ಆಕೆ, ಓಡಾಟಕ್ಕೆ ಒಗ್ಗಿದವಳಲ್ಲ. ಆ ಬಾಗಿಲಿದ್ದದ್ದರಿಂದ ಆಯಿತು.

ಒಂದು ಬೆಳಗ್ಗೆ ನೋಡಿದರೆ ದೊಡ್ಡ ಗಿಡ ಇಲ್ಲ.

ಬೇಲಿ ಹಾಗೇ ಇದೆ. ಗೇಟಿನ ಬೀಗ ಹಾಗೇ ಇದೆ. ಚಿಕ್ಕ ಗಿಡವೂ ಇದೆ. ದೊಡ್ಡದು ನಿಂತಿದ್ದ ಜಾಗದಲ್ಲಿ, ಮಣ್ಣಿಗೆ ಸಮನಾಗಿ, ಬಿಲ್ಲೆಯಂಥ ದುಂಡನೆಯ ಕೊಯ್ತದ ಗುರುತು. ಬೇರು ಕಿತ್ತಿಲ್ಲ, ಮಣ್ಣು ಕೆದರಿಲ್ಲ, ಸುತ್ತ ಒಂದು ಒಣಎಲೆಯೂ ಬಿದ್ದಿಲ್ಲ. ಮನೆಯಲ್ಲಿ ಇನ್ನೇನೂ ಹೋಗಿಲ್ಲ.

ಅವನು ದಿಡ್ಡಿ ಬಾಗಿಲು ದಾಟಿ ಹೋದ. ದರ್ಜಿ ಆಗತಾನೆ ಚಹಾ ಲೋಟ ಹಿಡಿದು ಹಿತ್ತಲಿಗೆ ಬಂದಿದ್ದ. ನಾನು ಮಹಡಿಯ ಕಿಟಕಿಯಲ್ಲಿದ್ದೆ. ಎರಡು ಹಿತ್ತಿಲೂ ಅಲ್ಲಿಂದ ಕಾಣುತ್ತವೆ, ಮಾತೂ ಕೇಳುತ್ತದೆ.

"ಗಿಡ ಎಲ್ಲಿ?"

"ಯಾವ ಗಿಡ ಅಣ್ಣಾ?"

"ಕತ್ತರಿಸಿದ್ಯಲ್ಲ, ಆ ಗಿಡ."

ದರ್ಜಿ ತೆರೆದ ದಿಡ್ಡಿ ಬಾಗಿಲಿನಿಂದ ಇಣುಕಿದ, ಖಾಲಿ ಜಾಗ ಕಂಡ, ಅವನ ಮುಖ ನೋಡಿದ. ಇದೂ ಒಂದು ತಮಾಷೆಯೆಂದು ಭಾವಿಸಿದ. ಪಾಪ, ಆ ಮನುಷ್ಯ ಎಂದಾದರೂ ತಮಾಷೆ ಮಾಡಿದ್ದುಂಟೇ ಎಂದು ಯೋಚಿಸಲಿಲ್ಲ.

"ಓ ಅದಾ! ಹೌದಣ್ಣಾ, ನಾನೇ. ಕಚಕ್ ಅನ್ನಿಸ್ದೆ. ನಿಮ್ಮ ಹೊಸ ಅಂಗಿ ಕಾಲರ್ ಒಳಗೆ ಸೇರಿಸಿ ಹೊಲಿದುಬಿಟ್ಟಿದ್ದೀನಿ. ಕತ್ತು ತಿರುಗಿಸಿದಾಗೆಲ್ಲ ಗಿಲಿಗಿಲಿ ಅನ್ನುತ್ತೆ, ಕಳ್ಳರು ಹತ್ರ ಬರಲ್ಲ!"

ಒಳಗಿನಿಂದ ಕಿರಿಯವಳು ನಕ್ಕದ್ದು ಕೇಳಿಸಿತು. ಅವನು ತಿರುಗಿ ಬಂದ. ಆ ದಿನ ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನದೊಳಗೆ ದಿಡ್ಡಿ ಬಾಗಿಲಿನ ಚಿಲಕ ಕಿತ್ತು, ಹಲಗೆ ಕೊರೆದು, ಒಳಗೆ ಕೂರಿಸುವ ದಪ್ಪನೆಯ ಬೀಗ ಹಾಕಿದ. ಎರಡೂ ಕಡೆಯಿಂದ ತೆರೆಯಬಹುದಾದ ಬೀಗ, ಆದರೆ ಕೀಲಿ ಒಂದೇ. ಎರಡನೆಯದನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಅರ ಹಾಕಿದ. ಆ ಕರಕರ ಸದ್ದು ಇನ್ನೂ ನನ್ನ ಹಲ್ಲಿನಲ್ಲಿದೆ.

"ರೀ, ಕಡ್ಡೀನ ಗುಡ್ಡ ಮಾಡ್ಬೇಡಿ" ಎಂದಳು ನನ್ನ ತಂಗಿ. "ಒಣಕಡ್ಡಿ ಅದು. ಅವನು ಹಾಗೆ ಮಾಡೋನೇ?"

"ಅವನ ಬಾಯಲ್ಲೇ ಬಂತು."

"ಅವನ ಬಾಯಲ್ಲಿ ಏನು ತಾನೇ ಬರಲ್ಲ! ತನ್ನ ಮದುವೇಲಿ ನಿಮ್ಮನ್ನ ನೋಡಿ, ಅತ್ತಿಗೆ, ಗಂಡನ್ನ ಒಂದಿಂಚು ಉದ್ದ ಮಾಡಿಕೊಡ್ಲಾ ಅಂದಿದ್ದ. ಮಾಡಿದ್ನಾ?"

ಅವನು ಬಾಗಿಲನ್ನು ಎರಡು ಸಲ ಎಳೆದು ನೋಡಿದ, ಕೀಲಿಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡ.

ನನ್ನ ತಂಗಿ ಕೆಲವು ದಿನ ಬೀದಿ ಬಳಸಿಕೊಂಡು ಹೋದಳು, ಬಿಸಿಲಲ್ಲಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಬಸ್ಸು ಕಾಯುವವರೆಲ್ಲ ನೋಡುವ ಹಾಗೆ. ಒಂದು ಮಧ್ಯಾಹ್ನ, ದರ್ಜಿ ನೂಲು ತರಲು ಪೇಟೆಗೆ ಹೋಗಿದ್ದಾಗ, ಕಿರಿಯವಳು ಬಚ್ಚಲಿಗೆ ಹೋಗಬೇಕಾಗಿ ಕೂಗಿದ್ದು ಗೋಡೆಯ ಈಚೆ ಚೆನ್ನಾಗಿ ಕೇಳಿಸಿತು. ಇವಳು ಮೂಲೆ ತಿರುಗಿ ತಲುಪುವಷ್ಟರಲ್ಲಿ ಅವಳು ತಾನೇ ಏಳಲು ಹೋಗಿ ಬಿದ್ದಿದ್ದಳು. ಮೂಳೆಗೆ ಏನೂ ಆಗಲಿಲ್ಲ. ಆದರೆ ನನ್ನ ತಂಗಿ ಆ ಸಂಜೆ ಮನೆಗೆ ಬರಲಿಲ್ಲ. ಹೇಳಿಕಳಿಸಿದ್ದು ಇಷ್ಟೇ: "ಬೀಗ ಬಿದ್ದ ದಿನ ನಾನು ಆ ಕಡೆ ಅಂತ ಹೇಳಿದ್ದೆ. ತಡ ಆಯ್ತು, ಈಗ ಬಂದಿದ್ದೀನಿ. ಆ ಬಾಗಿಲಿಂದ ಕರೆದ್ರೆ ಬರ್ತೀನಿ, ಬೀದಿಯಿಂದ ಬರಲ್ಲ."

ಅಲ್ಲಿಂದ ಅವನು ತಾನೇ ಬೇಯಿಸಿಕೊಂಡ. ನಾನು ನನ್ನದನ್ನು ಬೇಯಿಸಿಕೊಂಡೆ. ಹೊಗೆ ಅವನ ಅಡುಗೆಮನೆಯಿಂದಲೇ ಹೆಚ್ಚು ಬರುತ್ತಿತ್ತು. ದರ್ಜಿ ಮಾತ್ರ ಬೆಳಗ್ಗೆ ಕೆಲಸಕ್ಕೆ ಕೂರುವ ಮೊದಲು ಕೀಲಿಯ ತೂತಿಗೆ ಬಾಯಿಟ್ಟು, "ಅಣ್ಣಾ, ಚಹಾ ಆಯ್ತಾ? ಇವತ್ತೇನು ಕರಟಿಸಿದ್ರಿ?" ಎಂದು ಕೇಳುತ್ತಿದ್ದ. ಇವನು ಕೇಳದವನಂತೆ ಅಂಗಡಿಗೆ ಹೊರಡುತ್ತಿದ್ದ. ಮರುದಿನ ಮತ್ತೆ ಕೇಳುತ್ತಿದ್ದ.

ನಾನು ಸಾಕ್ಷ್ಯದ ಕಾನೂನು ಪಾಠ ಮಾಡಿದವಳು. ಆಯುಧ ಇತ್ತು, ಬರುವ ದಾರಿ ಇತ್ತು, ಮುಂಚೆ ಆಡಿದ ಬೆದರಿಕೆ ಇತ್ತು, ತಪ್ಪೊಪ್ಪಿಗೆಯೂ ಇತ್ತು. ಇಷ್ಟಿದ್ದೂ ದರ್ಜಿ ಮಾಡಿಲ್ಲವೆಂದು ಇಡೀ ಬೀದಿಗೆ ಗೊತ್ತು. ಹಾಗಾದರೆ ಗಿಡ ಎಲ್ಲಿ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇವರ ಜಗಳಕ್ಕಿಂತ ಅದೇ ನನ್ನನ್ನು ಹೆಚ್ಚು ಕಾಡಿತು.

ಭೂತಗನ್ನಡಿ ಹಿಡಿದು, ಬೇಲಿ ದಾಟಿ, ಕೊಯ್ತದ ಗುರುತನ್ನು ನೋಡಿದೆ. ಮುಖ ನುಣುಪಾಗಿತ್ತು. ಕತ್ತರಿ ಒಣಕಡ್ಡಿಯನ್ನು ಎರಡು ಕಡೆಯಿಂದ ಹಿಸುಕಿ ಕತ್ತರಿಸುತ್ತದೆ, ಎಲ್ಲಾದರೂ ಸೀಳಬೇಕು. ಬೀದಿ ಬಳಸಿ ಹೋಗಿ, ಅಷ್ಟೇ ದಪ್ಪದ ಒಂದು ಒಣಕಡ್ಡಿಯನ್ನು ದರ್ಜಿಯ ಕೈಗಿಟ್ಟೆ.

"ಇದನ್ನು ಕತ್ತರಿಸಪ್ಪ."

"ಅಕ್ಕಾ, ಬಟ್ಟೆ ಕತ್ತರಿ ಇದು, ಬಾಯಿ ಹೋಗುತ್ತೆ!" ಎಂದು ಗೋಳಾಡಿಕೊಂಡೇ ಕತ್ತರಿಸಿದ. ತುದಿ ಜಜ್ಜಿ, ಓರೆಯಾಗಿ ಸೀಳಿತು. ಅದನ್ನು ತಂದು ಬೀಗದವನಿಗೆ ತೋರಿಸಿದೆ. ಅವನು ತಿರುಗಿಸಿ ತಿರುಗಿಸಿ ನೋಡಿದ.

"ಇನ್ನೊಂದು ಕತ್ತರಿ ಇರಬಹುದು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾನು ಸುಮ್ಮನಾದೆ.

ಅವನು ಸುಮ್ಮನಾಗಲಿಲ್ಲ. ಕಳ್ಳ ಉಳಿದ ಗಿಡಕ್ಕೂ ಬಂದೇ ಬರುತ್ತಾನೆ, ಬಾಗಿಲು ಮುಚ್ಚಿದ್ದರಿಂದ ಗೋಡೆ ಹಾರಿ ಬರುತ್ತಾನೆ ಎಂದು ಲೆಕ್ಕ ಹಾಕಿದ. ಮಧ್ಯಾಹ್ನಗಳಲ್ಲಿ ಅಂಗಡಿ ಮುಚ್ಚಿ ಬಂದು, ಒಗೆಯುವ ಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಕಾಯತೊಡಗಿದ. ಮಹಡಿಯಿಂದ ನೋಡಿದರೆ ಅವನ ಬೋಳುನೆತ್ತಿ ಮಾತ್ರ ಕಾಣುತ್ತಿತ್ತು.

ಗಾಳಿ ಜೋರಾಗಿದ್ದ ಒಂದು ದಿನ. ಬೀದಿಯ ಧೂಳೆಲ್ಲ ಎದ್ದು ಕಿಟಕಿ ಬಡಿಯುತ್ತಿತ್ತು. ಕಿಟಕಿ ಮುಚ್ಚಲು ಎದ್ದವಳು ಹಾಗೇ ನಿಂತೆ. ಚಿಕ್ಕ ಗಿಡ ಬುಡದಲ್ಲೇ ತೂಗಾಡುತ್ತಿತ್ತು, ಸಡಿಲಾದ ಹಲ್ಲಿನ ಹಾಗೆ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಕಾಯಿಗಳೆಲ್ಲ ಒಟ್ಟಿಗೆ ಗಿಲಿಗುಟ್ಟಿದವು. ಟಕ್ಕೆಂದು ಬುಡ ಬಿಟ್ಟಿತು. ಇಡೀ ಗಿಡ, ಒಂದು ಎಲೆಯೂ ಉದುರದೆ, ಚೆಂಡಿನಂತೆ ಬೇಲಿಗೆ ಒರಗಿ ನಿಂತಿತು, ತಂತಿಯ ಮೇಲೆ ಹತ್ತಿತು, ಆಚೆ ಹಾರಿತು. ಹಿತ್ತಲಿನಲ್ಲಿ ಉರುಳಿ ಉರುಳಿ, ಒಗೆಯುವ ಕಲ್ಲನ್ನು ಒಂದು ಸುತ್ತು ಹಾಕಿತು. ಅವನು ಎದ್ದು ನಿಂತಿದ್ದ. ಕೈ ಚಾಚಿದ, ಅದು ಬೆರಳಿನ ತುದಿಯಿಂದ ತಪ್ಪಿಸಿಕೊಂಡಿತು. ಅಷ್ಟರಲ್ಲಿ ಸುಳಿಗಾಳಿಯೊಂದು ಗೋಡೆಯ ಮೂಲೆಯಲ್ಲಿ ತಿರುಗಿ, ಧೂಳು, ಕಾಗದ, ಗಿಡ ಎಲ್ಲವನ್ನೂ ಎತ್ತಿ ಗೋಡೆಯಾಚೆ ಎಸೆಯಿತು.

ಆಚೆಯ ಹಿತ್ತಲಿನಲ್ಲಿ ಕಿರಿಯವಳು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು, ನನ್ನ ನಡುವಿನ ತಂಗಿ ಅವಳ ತಲೆ ಬಾಚುತ್ತಿದ್ದಳು. ಕಪ್ಪು ಗಿಡ ಆಕಾಶದಿಂದ ಇಳಿದು ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಕೊಂಡು ಗಿಲಿಗಿಲಿ ಎಂದಿತು. ಇಬ್ಬರೂ ಕಿರುಚಿದರು. ಆಮೇಲೆ ನಡುವಿನವಳು ಗೋಡೆಯತ್ತ ತಿರುಗಿ ದೊಡ್ಡದಾಗಿ ಕೂಗಿದಳು:

"ರೀ! ಕಳ್ಳ ಈ ಕಡೆ ಬಂದ, ಬಂದು ಹಿಡ್ಕೊಳ್ಳಿ!"

ಅವನು ದಿಡ್ಡಿ ಬಾಗಿಲು ತೆರೆದುಕೊಂಡು ಹೋದ. ಹಗ್ಗದಿಂದ ಗಿಡ ಬಿಡಿಸಿ ಬುಡ ನೋಡಿದ: ಬಿಲ್ಲೆಯಂತೆ ದುಂಡಗೆ, ನುಣುಪಾಗಿ. ಕತ್ತರಿ ಇಲ್ಲ, ಕೈ ಇಲ್ಲ. ಒಣಗಿದ ಮೇಲೆ ಬೇರಿನಿಂದ ಕಳಚಿಕೊಂಡು, ಗಾಳಿಯ ಜೊತೆ ಉರುಳುತ್ತ, ದಾರಿಯುದ್ದಕ್ಕೂ ಬೀಜ ಉದುರಿಸುತ್ತ ಹೋಗುವುದು ಆ ಗಿಡದ ಸ್ವಭಾವ. ದೊಡ್ಡ ಗಿಡ ರಾತ್ರಿಯ ಗಾಳಿಯಲ್ಲಿ ಹೋದದ್ದೂ, ಬಂಡೆಯ ಬುಡದಲ್ಲಿ ಅವನಿಗೆ ಕಾಯಿ ಸಿಕ್ಕಿದ್ದೂ ಹಾಗೆಯೇ ಇರಬೇಕು. ಗಿಡ ಓಡಿಹೋಗುತ್ತದೆಯೇ ಎಂದು ದರ್ಜಿ ಕೇಳಿದ್ದು ತಮಾಷೆಗೆ. ಓಡಿಹೋಗುತ್ತದೆ.

ದರ್ಜಿ ಸದ್ದು ಕೇಳಿ ಹೊರಗೆ ಬಂದಿದ್ದ. ಗಿಡ ನೋಡಿದ, ಅಣ್ಣನನ್ನು ನೋಡಿದ.

"ಇದನ್ನೂ ನಾನೇ ಮಾಡ್ದೆ ಅಂತ ಒಪ್ಕೊಂಡುಬಿಡ್ಲಾ ಅಣ್ಣಾ? ಅಭ್ಯಾಸ ಆಗಿದೆ."

ಬೀಗದವನು ಗಿಡವನ್ನು ಎದೆಗೆ ಒತ್ತಿ ಹಿಡಿದುಕೊಂಡು ಈಚೆ ಬಂದ. ಬಾಗಿಲು ಎಳೆದುಕೊಂಡ. ಎಲ್ಲರೂ ಕಾಯುತ್ತಿದ್ದಂತೆ ಬೀಗ ತಿರುಗಿದ ಸದ್ದು. ಎರಡು ಸಲ ಎಳೆದು ನೋಡಿದ ಸದ್ದು.

"ನೋಡಿದ್ಯಾ?" ಎಂದಳು ನಡುವಿನವಳು ಆಚೆಯಿಂದ. "ಬುದ್ಧಿ ಬಂತು ಅಂದ್ಕೊಂಡು ಬಾಚಣಿಗೆ ಕೆಳಗಿಟ್ಟೆ."

ಅವಳ ಪಂತವೂ ಸಣ್ಣದಲ್ಲ. ಕಿರಿಯವಳ ಪ್ಲಾಸ್ಟರು ಬಿಚ್ಚಿ, ಅವಳು ಕೋಲು ಹಿಡಿದು ನಡೆದಾಡತೊಡಗಿದ ಮೇಲೂ ಇವಳು ಅಲ್ಲೇ ಉಳಿದಳು. ಅವನು ಹಿತ್ತಲಿನ ಎರಡು ಖಾಲಿ ಗುರುತುಗಳನ್ನು ದಿನಾ ನೋಡುತ್ತಿದ್ದ. ಗಿಡ ಸತ್ತಿತೆಂದೇ ಅವನ ನಂಬಿಕೆ. ಬೇರಿನ ಉದ್ದ ನೆನಪಿದೆಯೇ ಎಂದು ಒಮ್ಮೆ ಕೇಳಿದೆ. "ತಲೆ ಹೋದ ಮೇಲೆ ಕಾಲು ತಗೊಂಡು ಏನ್ಮಾಡ್ಲಿ ಅಕ್ಕ?" ಎಂದ. ನಾನೂ ಖಚಿತವಾಗಿ ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಮೊದಲ ಮಳೆ ಬಂತು, ಮತ್ತೊಂದು ಬಂತು. ಒಂದು ಬೆಳಗ್ಗೆ ಕೆಳಗಿನಿಂದ ಕರೆದ.

"ಅಕ್ಕ, ಇಳಿದು ಬನ್ನಿ."

ದೊಡ್ಡ ಗಿಡದ ಜಾಗದಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನಿಂದ ಹೆಬ್ಬೆರಳಿನ ಗಾತ್ರದ ಕಡುನೇರಳೆ ಮೊಗ್ಗುಗಳು ನೆಟ್ಟಗೆ ಎದ್ದಿದ್ದವು. ಮೊದಲು ಒಂದೇ ಕಾಂಡವಿದ್ದಲ್ಲಿ ಈಗ ಒಂದು ಗುಂಪು. ಚಿಕ್ಕದರ ಜಾಗದಲ್ಲೂ ಅಷ್ಟೇ. ಅವನು ಅದರ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ, ಕೈ ಮಣ್ಣಾಗಿತ್ತು. ಮುಟ್ಟಿ ನೋಡಿದ್ದನೆಂದು ತೋರುತ್ತದೆ.

"ಹೋಗಿರಲೇ ಇಲ್ಲ" ಎಂದ.

"ಇಲ್ಲ" ಎಂದೆ.

ಗೋಡೆಯಾಚೆ ದರ್ಜಿಯ ಚಪ್ಪಲಿಯ ಸದ್ದು ಕೇಳಿಸಿತು. ಎಂದಿನಂತೆ ಕೀಲಿಯ ತೂತಿಗೆ ಬಾಯಿ ಬಂತು. "ಅಣ್ಣಾ, ಚಹಾ ಆಯ್ತಾ?"

ಅವನು ಎದ್ದ. ಸೊಂಟದ ದಾರದಿಂದ ಕೀಲಿ ಬಿಚ್ಚಿದ. ಬಾಗಿಲು ತೆರೆಯುತ್ತಾನೆಂದುಕೊಂಡೆ. ತೆರೆಯಲಿಲ್ಲ. ಬಾಗಿ, ಬಾಗಿಲಿನ ಕೆಳಗಿನ ಸಂದಿಯಲ್ಲಿ ಕೀಲಿಯನ್ನು ಆ ಕಡೆಗೆ ತಳ್ಳಿದ, ಬೆರಳು ಹೋಗುವಷ್ಟು ದೂರ.

ಆಚೆ ಕೀಲಿ ಎತ್ತಿಕೊಂಡ ಸದ್ದು.

"ಅಣ್ಣಾ, ಇದು ಈ ಬಾಗಿಲಿಂದೇ?"

"ಹೂಂ."

"ಮತ್ತೆ ನಿಮ್ಮ ಹತ್ರ?"

"ಒಂದು ಬೀಗಕ್ಕೆ ಒಂದೇ ಕೀ."

ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡ. ಅರದ ಡಬ್ಬಿ ಎತ್ತಿಕೊಂಡು ಮುಂಬಾಗಿಲಿನತ್ತ ನಡೆದ. ದಿಡ್ಡಿ ಬಾಗಿಲನ್ನು ಎಳೆದು ನೋಡಲಿಲ್ಲ. ಆಚೆ ದರ್ಜಿ ಕೀಲಿಯನ್ನು ತೂತಿಗೆ ತುರುಕಿ ಒದ್ದಾಡುತ್ತಿದ್ದ. "ಎಡಕ್ಕೆ ತಿರುಗಿಸಪ್ಪ, ಎಡಕ್ಕೆ! ಬಲ ಎಡ ಗೊತ್ತಿಲ್ದೆ ಅದ್ಹೇಗೆ ತೋಳು ಹೊಲೀತೀಯೋ" ಎಂದು ನನ್ನ ತಂಗಿಯ ದನಿ. ಬಾಗಿಲು ತೆರೆದು ಅವಳು ಹಿತ್ತಲಿಗೆ ಕಾಲಿಡುವ ಹೊತ್ತಿಗೆ ಅವನು ಬೀದಿಯ ತಿರುವು ದಾಟಿ ಅಂಗಡಿಯ ಕಡೆ ಹೋಗಿಬಿಟ್ಟಿದ್ದ.